ಬಲಗಡೆ ಎದೆಯ ಮೇಲೆ ಮೂರು ಪದಕ

ನನ್ನ ಹೆಂಡತಿಯ ಪದಕಗಳನ್ನು ಯಾವ ದರ್ಜಿಯ ಕೈಗೂ ಕೊಡಕೂಡದು, ನಾನೇ ಹೊಳಪಿಟ್ಟು, ಪಟ್ಟಿಗೆ ಹೊಲಿದು, ಎದೆಗೇರಿಸಲು ಸಿದ್ಧಮಾಡಿ ಕೊಡುತ್ತೇನೆ ಎಂದು ತಿಂಡಿಯ ತಟ್ಟೆಯ ಮುಂದೆ ಕೂತು ಘೋಷಿಸಿದೆ. ಕನ್ನಡಕದ ಅಂಗಡಿ ಇಟ್ಟುಕೊಂಡವನು ನಾನು. ಸಾಸಿವೆ ಕಾಳಿನಷ್ಟಿರುವ ಸ್ಕ್ರೂ ಬಿಗಿದು ಊರಿನ ಅರ್ಧದಷ್ಟು ಮೂಗುಗಳ ಮೇಲೆ ಜಗತ್ತನ್ನು ನೆಟ್ಟಗೆ ನಿಲ್ಲಿಸಿದ ಕೈ ಇದು. ಇದಕ್ಕೆ ಮೂರು ಪದಕ ಯಾವ ಲೆಕ್ಕ!

"ರೀ, ಅದು ಕನ್ನಡಕ ಅಲ್ಲ" ಎಂದಳು ಹೆಂಡತಿ.

"ಕನ್ನಡಕಕ್ಕಿಂತ ಸುಲಭ. ಅದಕ್ಕೆ ಪವರ್ ಇಲ್ಲ."

"ಅದಕ್ಕಿರೋ ಪವರ್ ನಿಮಗೆ ಗೊತ್ತಿಲ್ಲ. ನೋಡಿ, ಹೊಸದು ನಡುವೆ ಬರಬೇಕು. ಪಟ್ಟಿ ಎಡಗಡೆ ಎದೆಗೇ ಬರಬೇಕು. ಬಲಗಡೆ ಹಾಕ್ಕೊಂಡರೆ ಅದರ ಅರ್ಥವೇ ಬೇರೆ..."

"ಗೊತ್ತು, ಗೊತ್ತು. ನೀನು ಇಸ್ತ್ರಿ ಅಂಗಡಿಗೆ ಹೋಗಿ ನಿನ್ನ ಕೋಟು ತಗೊಂಡು ಬಾ."

ಅವಳು ನನ್ನನ್ನೊಮ್ಮೆ, ಪದಕಗಳನ್ನೊಮ್ಮೆ ನೋಡಿದಳು. ಸೇನೆಯಲ್ಲಿ ನರ್ಸಾಗಿದ್ದವಳು. ಯಾರು ಬದುಕುತ್ತಾರೆ, ಯಾರು ಬದುಕುವುದಿಲ್ಲ ಎಂದು ನೋಡಿದ ಕೂಡಲೇ ಹೇಳುವ ಕಣ್ಣು ಅವಳದು. ಆದರೂ ಚಪ್ಪಲಿ ಮೆಟ್ಟಿ ಹೊರಟಳು.

ಆ ಹೊಸ ಪದಕದ ಕಥೆಯನ್ನು ಹೇಳದಿದ್ದರೆ ನನ್ನ ಎಡವಟ್ಟಿನ ತೂಕ ನಿಮಗೆ ತಿಳಿಯುವುದಿಲ್ಲ. ಅದು ಸಮರ ಪದಕ. ಸುಮ್ಮನೆ ಸೇನೆಯಲ್ಲಿದ್ದ ಮಾತ್ರಕ್ಕೆ ಸಿಗುವಂಥದ್ದಲ್ಲ. ನಕ್ಷೆಯಲ್ಲಿ ಸಮರ ವಲಯ ಎಂದು ಗೆರೆ ಎಳೆದಿರುತ್ತಾರೆ. ಆ ಗೆರೆಯ ಒಳಗೆ ಮೂವತ್ತು ದಿನ ಕೆಲಸ ಮಾಡಿರಬೇಕು. ಒಳಗಿದ್ದಾಗ ಗಾಯವಾದವರಿಗೆ ಮಾತ್ರ ದಿನದ ಲೆಕ್ಕವಿಲ್ಲ, ಒಂದೇ ದಿನಕ್ಕೂ ಪದಕ ಸಲ್ಲುತ್ತದೆ. ನನ್ನ ಹೆಂಡತಿಯ ಗ್ರಹಚಾರಕ್ಕೆ ಗೆರೆ ಒಂದು ಹಳ್ಳದ ಮೇಲೆ ಹಾದುಹೋಗಿತ್ತು, ಅವಳ ಡೇರೆ ಆಸ್ಪತ್ರೆ ಹಳ್ಳದ ಈಚೆ ದಡದಲ್ಲಿತ್ತು. ಬೆಳಗಾದರೆ ಸ್ಟ್ರೆಚರ್ ಹಿಡಿದು ಕಾಲುಸೇತುವೆ ದಾಟಿ, ದಿನವೆಲ್ಲ ಆಚೆ ಗಾಯಾಳುಗಳನ್ನು ಎತ್ತಿ, ಕತ್ತಲಾದ ಮೇಲೆ ಮಲಗಲು ಈಚೆ ಬರುತ್ತಿದ್ದಳು. ಮಲಗಿದ್ದು ಗೆರೆಯ ಹೊರಗಾದ್ದರಿಂದ ಅರ್ಹತೆ ಇಲ್ಲ ಎಂದು ಮೇಲಿನವರು ತಳ್ಳಿಹಾಕಿಬಿಟ್ಟರು. ಆಚೆ ದಡದಲ್ಲಿ ತಿಂಗಳುಗಟ್ಟಲೆ ಆಲೂಗಡ್ಡೆ ಸುಲಿದ ಅಡುಗೆಯವನ ಎದೆಗೂ ಪದಕ ಬಂತು.

"ಅವನಿಗೆ ಕೊಟ್ಟಿದ್ದು ಸರಿಯೇ" ಎನ್ನುತ್ತಿದ್ದಳು ಇವಳು. "ಅವನ ತಲೆ ಮೇಲೂ ಗುಂಡು ಹಾರ್ತಿತ್ತು. ನನಗೆ ಕೊಡದೇ ಇದ್ದದ್ದು ತಪ್ಪು, ಅಷ್ಟೆ."

ಆ ಡೇರೆ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಕರ್ನಲ್ ಸಾಹೇಬರು ನಿವೃತ್ತರಾದ ಮೇಲೂ ಕಚೇರಿಯಿಂದ ಕಚೇರಿಗೆ ಅಲೆದು, ಮಲಗಿದ್ದು ಎಲ್ಲಾದರೂ ಇರಲಿ, ದಾಟಿ ಹೋದ ಪ್ರತಿ ದಿನವೂ ಒಂದು ದಿನವೇ ಎಂದು ಒಪ್ಪಿಸುವಷ್ಟರಲ್ಲಿ ಅವರ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಪದಕದ ಪೆಟ್ಟಿಗೆ ಮನೆಗೆ ಬಂದ ದಿನ ನನ್ನ ಹೆಂಡತಿ ಅಡುಗೆಮನೆಗೆ ಹೋಗಿ, ಸದ್ದು ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡು ಅತ್ತಳು. ನಾನು ಹೊಸ್ತಿಲಲ್ಲಿ ನಿಂತು "ಅಡುಗೆ ಆಯ್ತಾ?" ಎಂದೆ. ನನಗೆ ತೋಚಿದ್ದು ಅಷ್ಟೇ. ಆಮೇಲೆ ನಾಚಿಕೆಯಾಯಿತು. ಈ ಪದಕ ಪೋಣಿಸುವ ಪೌರುಷ ಹುಟ್ಟಿದ್ದೂ ಅಲ್ಲಿಂದಲೇ.

ನಾನು ಘೋಷಿಸಿದ ಆ ದಿನವೇ ಕವಾಯತು ಮೈದಾನದ ಸ್ಮರಣಾ ಸಮಾರಂಭದಲ್ಲಿ, ಹಳೆಯ ನರ್ಸುಗಳ ಸಾಲಿನಲ್ಲಿ, ಆ ಪದಕವನ್ನು ಮೊದಲ ಸಲ ಧರಿಸಿ ಅವಳು ನಿಲ್ಲಬೇಕಿತ್ತು. ಕರೆದೊಯ್ಯಲು ಕರ್ನಲ್ ಸಾಹೇಬರೇ ಕಾರು ತರುವವರಿದ್ದರು.

ಕೆಲಸ ಚೆನ್ನಾಗಿಯೇ ಆಯಿತು. ಇದನ್ನು ಯಾರೂ ನಂಬುವುದಿಲ್ಲ, ಆದರೂ ಹೇಳುತ್ತೇನೆ. ಪಾಲಿಷ್ ಹಚ್ಚಿ ಉಜ್ಜಿದೆ, ಪದಕಗಳಲ್ಲಿ ನನ್ನ ಮೂಗು ಕಂಡಿತು. ರಿಬ್ಬನ್‌ಗಳನ್ನು ಪಟ್ಟಿಗೆ ಸಾಲಾಗಿ ಹೊಲಿದೆ, ಎಳೆಯಷ್ಟೂ ಓರೆಯಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ದೇವರಂಥ ಗಂಡ. ಆದರೆ ತೂಗುಹಾಕಿದರೆ ಹೇಗೆ ಕಾಣುತ್ತದೋ ನೋಡಬೇಕಲ್ಲ? ನನ್ನ ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತೆ. ಪಕ್ಕದ ಗೋಡೆಯಲ್ಲಿ ಹೆಂಡತಿ ಹಳೆಯ ಎರಡು ಪದಕ ಧರಿಸಿ ನಿಂತ ಫೋಟೋ ಇತ್ತು. ಅದರಲ್ಲಿ ಪದಕ ನನ್ನ ಬಲಗೈ ಕಡೆಗೆ ಕಾಣುತ್ತಿತ್ತು. ಕನ್ನಡಿಯಲ್ಲೂ ಹಾಗೆಯೇ ಕಾಣುವಂತೆ ಚುಚ್ಚಿಕೊಂಡೆ. ಫೋಟೋದಲ್ಲಿರುವವರು ನಮ್ಮ ಎದುರು ನಿಂತಿರುತ್ತಾರೆ, ಕನ್ನಡಿಯಲ್ಲಿರುವುದು ನಾವೇ ಎಂಬುದು ಊರಿಗೆಲ್ಲ ದೃಷ್ಟಿ ಪರೀಕ್ಷೆ ಮಾಡುವ ಈ ಮಹಾಶಯನಿಗೆ ಹೊಳೆಯಲಿಲ್ಲ. ಎಡಗಡೆ ಎದೆಗೆ ಬರಬೇಕಾದದ್ದು ಬಲಗಡೆ ಕೂತಿತು.

ಕೂತದ್ದು ಕೂತಿತು, ಬಿದ್ದುಹೋದರೆ? ಮೈದಾನದಲ್ಲಿ ಅವಳ ಪದಕ ಕಳಚಿ ಹುಲ್ಲಿಗೆ ಬಿದ್ದಂತೆ ಕಣ್ಣಿಗೆ ಕಟ್ಟಿತು. ಪಟ್ಟಿಯ ಹಿಂದಿನ ಪಿನ್ನಿನ ಕೊಂಡಿಯನ್ನು ಇಕ್ಕಳದಿಂದ ಒಂದು ಸಲ ಅದುಮಿದೆ. ಇನ್ನೊಂದು ಸಲ ಅದುಮಿದೆ. ಈಗ ಯುದ್ಧವೇ ನಡೆದರೂ ಬಿಚ್ಚುವಂತಿರಲಿಲ್ಲ. ನಾನು ಎಳೆದರೂ ಬಿಚ್ಚಲಿಲ್ಲ. ಉತ್ಸಾಹದಲ್ಲಿ ಪಿನ್ನು ಕೋಟನ್ನು ದಾಟಿ, ಅಂಗಿಯನ್ನು ದಾಟಿ, ಬನಿಯನ್ನನ್ನೂ ದಾಟಿ, ಕೊನೆಗೆ ನನ್ನನ್ನೂ ಚೂರು ಮಾತಾಡಿಸಿತ್ತು.

ಬೆವರು ಕಿತ್ತುಕೊಂಡಿತು. ಜೋರಾಗಿ ಜಗ್ಗಿದರೆ ರಿಬ್ಬನ್ ಹರಿಯುತ್ತದೆ. ಅವಳು ವರ್ಷಗಟ್ಟಲೆ ಕಾದ ರಿಬ್ಬನ್. ಮೂರು ಬಟ್ಟೆಗಳನ್ನೂ ಒಟ್ಟಿಗೆ ತಲೆಯ ಮೇಲಿಂದ ಕಳಚೋಣವೆಂದು ಎತ್ತಿದೆ. ಎರಡು ಕೈಯೂ ಮೇಲೆ, ಮುಖ ಕೋಟಿನೊಳಗೆ, ಪಾಲಿಷ್ ಮೆತ್ತಿದ್ದ ತೋಳು ಕಣ್ಣಿಗೆ ತಾಗಿ ಕಣ್ಣೆರಡೂ ಉರಿ. ಆಗ ಕರೆಗಂಟೆ ಸದ್ದು ಮಾಡಿತು.

ಕೋಟನ್ನು ಕೆಳಗೆಳೆದುಕೊಂಡು ಬಾಗಿಲು ತೆರೆದೆ. ಕರ್ನಲ್ ಸಾಹೇಬರು. ನಗುತ್ತಾ ಬಂದವರ ನೋಟ ನನ್ನ ಎದೆಗಿಳಿದು ಅಲ್ಲೇ ನಿಂತಿತು. ನಗು ಆರಿಹೋಯಿತು. ಇನ್ನೊಬ್ಬರ ಪದಕ ಧರಿಸಿದ್ದಕ್ಕೆ ಈಗ ನನ್ನನ್ನು ಗೋಡೆಗೆ ನಿಲ್ಲಿಸಿ ಗುಂಡು ಹಾರಿಸುತ್ತಾರೆ ಎಂದುಕೊಂಡು ನಾನು ತಲೆ ತಗ್ಗಿಸಿದೆ. ಉರಿಯುವ ಕಣ್ಣಿಂದ ನೀರು ದಳದಳ ಇಳಿಯಿತು. ಅವರು ಟೋಪಿ ತೆಗೆದರು. ನನ್ನ ಎರಡೂ ಭುಜ ಹಿಡಿದರು. ನನ್ನನ್ನು ನಡೆಸಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿ, ಫೋನ್ ತೆಗೆದರು.

"ಮೈದಾನದಲ್ಲಿ ಹೇಳಿ, ಬಾವುಟ ಅರ್ಧಕ್ಕೆ ಇಳಿಸಲಿ. ನಮ್ಮ ಸಿಸ್ಟರ್ ಹೋಗಿಬಿಟ್ಟರು. ಗಂಡ ಪದಕಗಳನ್ನ ಬಲಗಡೆ ಹಾಕ್ಕೊಂಡು ಕಾಯ್ತಾ ಇದ್ದಾರೆ. ಅಗಲಿದವರ ಹೆಸರು ಓದೋವಾಗ ಅವರದನ್ನೂ ಸೇರಿಸಿ."

ಆಗ ತಿಳಿಯಿತು ನನಗೆ. ಧರಿಸಬೇಕಾದವರು ಬದುಕಿದ್ದರೆ ಪದಕ ಎಡಗಡೆ. ಅವರು ತೀರಿಕೊಂಡು ಮನೆಯವರು ಧರಿಸಿದರೆ ಬಲಗಡೆ. ಹೆಂಡತಿ ಹೇಳಹೊರಟಿದ್ದ ಬೇರೆ ಅರ್ಥ ಅದು. ಇಸ್ತ್ರಿ ಅಂಗಡಿಗೆ ಹೋದವಳನ್ನು ಅಷ್ಟರೊಳಗೆ ನಾನು ಮೇಲಕ್ಕೆ ಕಳಿಸಿಬಿಟ್ಟಿದ್ದೆ!

"ಸರ್" ಎಂದೆ. "ಸರ್, ಅವಳು ಇಸ್ತ್ರಿ ಅಂಗಡಿಗೆ ಹೋಗಿದ್ದಾಳೆ."

ಅವರು ನನ್ನ ಬೆನ್ನು ಸವರಿದರು. "ಹಾಗೇ ಅನ್ಸುತ್ತಪ್ಪ. ನಮ್ಮನೆಯವಳು ಹೋದಾಗ ನನಗೂ ಎಷ್ಟೋ ದಿನ, ತರಕಾರಿ ತರೋಕೆ ಹೋಗಿದ್ದಾಳೆ, ಈಗ ಬರ್ತಾಳೆ ಅಂತಲೇ ಅನ್ನಿಸ್ತಿತ್ತು."

ನಿಜವಾಗಿಯೂ ಕಣ್ಣು ತುಂಬಿತು. ಆ ನೀರು ಪಾಲಿಷ್‌ನದಲ್ಲ. ಅದನ್ನು ಕಂಡು ಅವರಿಗೆ ಇನ್ನಷ್ಟು ಖಾತ್ರಿಯಾಯಿತು.

"ಇಲ್ಲ ಸರ್, ನಿಜವಾಗ್ಲೂ ಬರ್ತಾಳೆ."

"ಧೈರ್ಯ ತಂದುಕೊಳ್ಳಿ."

ಗೇಟು ಕಿರ್ರೆಂದಿತು. ತೋಳಿನ ಮೇಲೆ ಇಸ್ತ್ರಿಯ ಕೋಟು ಹಾಕಿಕೊಂಡು ನನ್ನ ಹೆಂಡತಿ ಒಳಗೆ ಬಂದಳು. ಕರ್ನಲ್ ಸಾಹೇಬರು ಧೊಪ್ಪನೆ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವಳು ಮಾತಿಗೂ ಮೊದಲು ಹೋಗಿ ಅವರ ನಾಡಿ ಹಿಡಿದಳು.

"ಸಿಸ್ಟರ್" ಎಂದರು ಅವರು ಮೆಲ್ಲಗೆ. "ನೀವು ತೀರಿಕೊಂಡಿದ್ದೀರಿ ಅಂತ ಈಗತಾನೇ ಮೈದಾನಕ್ಕೆ ಹೇಳಿಬಿಟ್ಟೆ."

ಅವಳು ತಿರುಗಿ ನನ್ನ ಎದೆ ನೋಡಿದಳು. ಬಲಗಡೆ ಎದೆ. ಆ ನೋಟದಲ್ಲಿ ನನಗೆ ಬದುಕುವ ಸೂಚನೆ ಕಾಣಲಿಲ್ಲ.

"ವಾಪಸ್ ತಗೊಳ್ಳಿ ಸರ್" ಎಂದಳು. "ಇವತ್ತು ನನಗೆ ಅದಕ್ಕೆಲ್ಲ ಬಿಡುವಿಲ್ಲ."

ಅವರು ಫೋನ್ ಮಾಡಿದರು. ಎಲ್ಲರೂ ಸಾಲಿನಲ್ಲಿ ನಿಂತಾಗಿತ್ತು, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಇವಳು ತನ್ನ ಹಳೆಯ ಪೆಟ್ಟಿಗೆಯಿಂದ ಕತ್ತರಿ ತಂದಿದ್ದಳು.

"ಅಲ್ಲಾಡಬೇಡಿ."

"ಕೋಟು ಹೊಸದು ಕಣೆ."

"ರಿಬ್ಬನ್ ನನ್ನದು ರೀ."

ಕತ್ತರಿ ತಾಗದಿರಲೆಂದು ಅವಳು ರಿಬ್ಬನ್ನಿಗೆ ತನ್ನ ಕೈ ಅಡ್ಡ ಹಿಡಿದಳು. ಗುಂಡು ಹಾರುವಲ್ಲಿ ಗಾಯಾಳುಗಳನ್ನು ಎತ್ತಿದ ಕೈ. ನನ್ನ ಕೊಬ್ಬೆಲ್ಲ ಅದನ್ನು ನೋಡಿಯೇ ಇಳಿಯಿತು. ಕೋಟು, ಅಂಗಿ, ಬನಿಯನ್ ಮೂರನ್ನೂ ಸೇರಿಸಿ ಪಟ್ಟಿಯ ಸುತ್ತಲೂ ಕತ್ತರಿಸಿ ತೆಗೆದಳು. ಕಾರಿನಲ್ಲಿ ಕೂತು ಗಾಯ ಹೊಲಿಯುವ ಹಾಗೆ ಆ ತುಂಡನ್ನು ತನ್ನ ಕೋಟಿನ ಎಡಗಡೆಗೆ ಹೊಲಿದಳು. ಸಾಹೇಬರ ಡ್ರೈವರು ತಿರುವಿನಲ್ಲೂ ವೇಗ ತಗ್ಗಿಸಲಿಲ್ಲ, ಅವಳ ಸೂಜಿಯೂ ತಪ್ಪಲಿಲ್ಲ. ಕರ್ನಲ್ ಸಾಹೇಬರು ದಾರಿಯುದ್ದಕ್ಕೂ ಫೋನ್ ಕಿವಿಗಿಟ್ಟುಕೊಂಡೇ ಇದ್ದರು. ನಾನು ಎದೆಯಲ್ಲಿ ಕಿಟಕಿ ಇಟ್ಟುಕೊಂಡು ಹಿಂದೆ ಕೂತಿದ್ದೆ.

ಮೈದಾನ ತಲುಪಿದಾಗ ಬಾವುಟ ಅರ್ಧಕ್ಕೆ ಇಳಿದಿತ್ತು. ಧ್ವನಿವರ್ಧಕದಲ್ಲಿ ಅಗಲಿದವರ ಹೆಸರು ಒಂದೊಂದಾಗಿ ಬರುತ್ತಿತ್ತು. ನರ್ಸುಗಳ ಸಾಲಿನ ತುದಿಯಲ್ಲಿ ಅವಳ ಜಾಗ ಖಾಲಿ ಬಿಟ್ಟಿದ್ದರು. ಇವಳು ಓಡಲಿಲ್ಲ. ಬೆನ್ನು ನೇರ ಮಾಡಿ, ಹುಲ್ಲು ದಾಟಿ, ಹೋಗಿ ಆ ಜಾಗದಲ್ಲಿ ನಿಂತಳು. ಆ ಹೊತ್ತಿಗೆ ಸರಿಯಾಗಿ ಅವಳ ಹೆಸರು ಬಂತು.

"ಹಾಜರ್" ಎಂದಳು.

ಪಕ್ಕದಲ್ಲಿ ಅಳುತ್ತಿದ್ದ ದಪ್ಪ ನರ್ಸಮ್ಮ ಅಳುವುದನ್ನು ಬಿಟ್ಟು ಅವಳನ್ನು ತಬ್ಬಿಕೊಂಡೇಬಿಟ್ಟರು. ಸಾಲು ಒಡೆಯಿತು, ಶಿಸ್ತು ಮುಗಿಯಿತು. ಬಾವುಟ ಮೇಲೇರುತ್ತಿದ್ದಂತೆ ಬಿಸಿಲಿಗೆ ಅವಳ ಮೂರು ಪದಕಗಳೂ ಮಿನುಗಿದವು. ಅವುಗಳ ಹಿಂದೆ ನನ್ನ ಬನಿಯನ್ನಿನ ಅಂಚು ಬೆಳ್ಳಗೆ ಇಣುಕುತ್ತಿತ್ತು. ನನಗೆ ಹೆಮ್ಮೆಯಾಯಿತು. ಬನಿಯನ್ನಿನ ಬಗ್ಗೆ ಅಲ್ಲ, ಅವಳ ಬಗ್ಗೆ.

ಮನೆಗೆ ಬಂದ ಮೇಲೆ ಸ್ವಲ್ಪ ಧೈರ್ಯ ಬಂತು. "ಅಲ್ಲ ಕಣೆ, ನಿನ್ನ ಜೊತೆ ಇಷ್ಟು ವರ್ಷ ಬಾಳಿದ್ದೀನಿ. ನನಗೂ ಒಂದು ಸಮರ ಪದಕ ಸಲ್ಲಬೇಕಲ್ವಾ?" ಎಂದೆ.

"ಗೆರೆ ಒಳಗೆ ಬಂದು ಮೂವತ್ತು ದಿನ ಕೆಲಸ ಮಾಡಿರಬೇಕು" ಎಂದಳು ತಲೆಯೆತ್ತದೆ. "ಅಡುಗೆಮನೆ ಹೊಸ್ತಿಲಲ್ಲಿ ನಿಂತು ಅಡುಗೆ ಆಯ್ತಾ ಅಂತ ಕೇಳಿದ್ದು ಲೆಕ್ಕಕ್ಕೆ ಬರಲ್ಲ. ಅದು ಗೆರೆ ಹೊರಗೆ."

ಅಷ್ಟಕ್ಕೆ ಸೋಲುವವನೇ ನಾನು? ಹರಿದ ಕೋಟಿನ ಕಿಟಕಿಯಲ್ಲಿ ಪಿನ್ನು ಚುಚ್ಚಿದ ಕೆಂಪು ಚುಕ್ಕೆ ತೋರಿಸಿದೆ. "ಗಾಯ ಆದವರಿಗೆ ದಿನದ ಲೆಕ್ಕ ಇಲ್ಲ. ನೀನೇ ಹೇಳಿದ್ದು."

ಅವಳು ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಗಾಯವನ್ನು ಗಂಭೀರವಾಗಿ ಪರೀಕ್ಷಿಸಿದಳು. ಹತ್ತಿಯಲ್ಲಿ ಔಷಧಿ ಹಚ್ಚಿ ಒರೆಸಿದಳು. ಆಮೇಲೆ ಪಾತ್ರೆ ಉಜ್ಜುವ ನಾರನ್ನು ನನ್ನ ಕೈಗಿಟ್ಟಳು.

"ಶತ್ರು ಮಾಡಿದ ಗಾಯಕ್ಕೆ ಪದಕ ಕೊಡ್ತಾರೆ. ತಾನೇ ಮಾಡ್ಕೊಂಡ ಗಾಯಕ್ಕೆ ಶಿಕ್ಷೆ ಕೊಡ್ತಾರೆ ರೀ."