ಶಾಸಕರ ಪರವಾಗಿ ಉಂಡವನು

ನಾನು ರಾಜಕೀಯಕ್ಕೆ ಬಂದದ್ದು ತಿನ್ನಲಿಕ್ಕೆ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಅದು ನಿಜ. ನಮ್ಮ ಅಕ್ಕನ ಗಂಡ ಶಾಸಕರು. ಭಾಷಣಕ್ಕೆ ನಿಂತರೆ ಮೈಕಿನವನೇ ಸುಸ್ತಾಗಬೇಕು, ಅಂಥ ಗಂಟಲು. ಹೊಟ್ಟೆ ಮಾತ್ರ ಕೂಸಿನದು. ಒಂದು ಮಿರ್ಚಿ ಬಜ್ಜಿ ಒಳಗೆ ಹೋದರೆ ಎರಡು ದಿನ ಮಜ್ಜಿಗೆ ಅನ್ನ. ಬಳ್ಳಾರಿ ಸೀಮೆಯಲ್ಲಿ ಇಂಥ ಹೊಟ್ಟೆ ಇಟ್ಟುಕೊಂಡು ಓಟು ಕೇಳುವುದೆಂದರೆ ಹುಡುಗಾಟವೇ? ಯಾರ ಮನೆಗೆ ಹೋದರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಡುತ್ತಾರೆ. ಬೇಡ ಅಂದಿರೋ, "ಆರಿಸಿ ಬಂದಮ್ಯಾಗ ನಮ್ಮನಿ ನೀರೂ ಒಲ್ಲೆ ಅಂತಾನ" ಎಂಬ ಸುದ್ದಿ ನಿಮಗಿಂತ ಮೊದಲು ಮುಂದಿನ ಊರು ಸೇರಿರುತ್ತದೆ.

ಅದಕ್ಕೇ ಭಾವ ನನ್ನನ್ನು ಜೊತೆಗಿಟ್ಟುಕೊಂಡರು. ಮಿರ್ಚಿಯ ತುದಿ ಮುರಿದು ಬಾಯಿಗಿಟ್ಟು, ಕಾಲುವೆ ನೀರಿನ ವಿಷಯ ತೆಗೆದು, ಎಲ್ಲರೂ ಅವರ ಮುಖ ನೋಡುತ್ತಿರುವಾಗ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸುತ್ತಿದ್ದರು. ಈ ನಡುವೆ ಅವರು ಎರಡು ಪಕ್ಷ ಬಿಟ್ಟರು, ಒಮ್ಮೆ ಸೋತರು, ಮತ್ತೆ ಗೆದ್ದರು. ನನ್ನ ಖಾತೆ ಬದಲಾಗಲಿಲ್ಲ. ಮನೆಯಲ್ಲಿ ಹೆಂಡತಿ, ಸಕ್ಕರೆ ಕಾಯಿಲೆಯ ಭಯಕ್ಕೆ ಎರಡು ರೊಟ್ಟಿ, ಒಂದಿಷ್ಟು ಬೇಯಿಸಿದ ಸೊಪ್ಪು ಬಿಟ್ಟು ಏನೂ ಕೊಡುತ್ತಿರಲಿಲ್ಲ. ಈ ಜನಸೇವೆಯೊಂದೇ ನನ್ನ ಸುಖ.

ಅದು ಕೆಟ್ಟದ್ದು ದೇಶನೂರಿನಲ್ಲಿ. ನಾನು ಮೂರನೇ ಸಲ ಹಾಕಿಸಿಕೊಂಡದ್ದನ್ನು ಕಂಡ ಅಜ್ಜಿಯೊಬ್ಬಳು ಭಾವನ ಎದುರಿಗೇ, "ಈ ತಮ್ಮನ್ನ ನೋಡ್ರಿ, ಹೆಂಗ ಬಳದು ಉಣ್ತಾನ! ಮುಂದಿನ ಸಲ ಇವನ್ನ ನಿಲ್ಲಸ್ರಿ, ಓಟು ಹಾಕ್ತೀವಿ" ಅಂದಳು. "ಹೌದ್ರಿ, ಬಡವರ ಮನ್ಯಾಗ ಉಣ್ಣಾಕ ಬೇಸರಿಲ್ಲ ಇವ್ರಿಗೆ" ಎಂದು ಸುತ್ತಲಿದ್ದವರೂ ತಲೆಯಾಡಿಸಿದರು. ನಾನು ನಾಚಬೇಕಿತ್ತು. ಅದು ಬಿಟ್ಟು ಕೈಮುಗಿದೆ. ಅದೂ ಸ್ವಲ್ಪ ಮೇಲೆತ್ತಿ, ಬ್ಯಾನರಿನಲ್ಲಿ ಮುಗಿದಿರುತ್ತಾರಲ್ಲ, ಹಾಗೆ. ಭಾವ ನನ್ನ ಕೈಯನ್ನೇ ನೋಡಿದರು.

ಅಲ್ಲಿಂದ ಕಾರು ಹತ್ತಿದೆವು. ಕುರುಗೋಡಿನ ಮೊದಲ ಮನೆಯಲ್ಲಿ ತಟ್ಟೆ ಬಂತು. ರೂಢಿಯಂತೆ ಕೈ ಚಾಚಿದೆ. ಭಾವ ಅದನ್ನು ಎದೆಗೆ ಅವುಚಿಕೊಂಡು, "ಲೇ, ನೀ ಹೋಗಿ ಕಾರಿನ್ಯಾಗ ಕುಂದ್ರು" ಅಂದರು. ಹೊರಗೆ ಬಂದು ಕಿಟಕಿಯಿಂದ ಇಣುಕಿದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕಿವಿ ಕೆಂಪಗೆ; ಆದರೂ ಪುಣ್ಯಾತ್ಮ ಮಿರ್ಚಿಯ ಮೇಲೆ ಮಿರ್ಚಿ ನುಂಗುತ್ತಿದ್ದಾರೆ! ಆ ಮನೆಯಾಕೆ ತಾನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಮ್ಮ ಕಷ್ಟ ಕೇಳಿ ಸಾಹೇಬ್ರು ಅಳಾಕತ್ತಾರ" ಎಂದು ಓಣಿಗೆಲ್ಲ ಸಾರುತ್ತಿದ್ದಳು. ಅಲ್ಲಿಗೆ ನನ್ನ ಕೆಲಸ ಹೋಯಿತೆಂದು ಖಾತ್ರಿಯಾಯಿತು. ಅಳು ಬರುವಷ್ಟು ಸಂಕಟವಾಯಿತು.

ಬಳ್ಳಾರಿಗೆ ಬಂದವನೇ ಅಡುಗೆಮನೆ ಹೊಕ್ಕೆ. ಪಾತ್ರೆಗಳೆಲ್ಲ ಬೋರಲು.

"ನೀವು ಊರೂರು ಉಂಡು ಬರ್ತೀರಂತ ನಿಮಗ ರೊಟ್ಟಿನ ಬಡದಿಲ್ರಿ" ಅಂದಳು ಹೆಂಡತಿ.

ಮಧ್ಯಾಹ್ನವಷ್ಟೇ ಜನ ಓಟು ಕೊಡುತ್ತೇವೆಂದಿದ್ದ ಮುಂದಿನ ಶಾಸಕರು ಬುಟ್ಟಿಯ ತಳ ತಡಕಿ, ನಿನ್ನೆಯ ಒಣರೊಟ್ಟಿಯ ಚೂರೊಂದನ್ನು ನೀರಲ್ಲಿ ಅದ್ದಿಕೊಂಡು ತಿಂದರು.