ಕಾಡೋ ಗಾ… ಮಾಸೆನ್!

ಈ ಶನಿವಾರ ಪಾಪಕುರಾದ ಸಭಾಂಗಣದಲ್ಲಿ ಇತಿಹಾಸ ನಿರ್ಮಿಸಿಯೇ ಬರುತ್ತೇನೆ ಎಂದು ನಾನು ಘೋಷಿಸಿದ್ದೆ. ಯಾರ ಮುಂದೆ? ಹಲ್ಲುಜ್ಜುತ್ತಾ ಕನ್ನಡಿಯ ಮುಂದೆ! ಆದರೂ ಘೋಷಣೆ ಘೋಷಣೆಯೇ. ೨೦೦೭ರ ಜುಲೈ ಕೂಟಕ್ಕೆ ನಮ್ಮ ಕನ್ನಡ ಬಳಗದವರು ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ: 'ಅತ್ಯಂತ ಪ್ರಭಾವಶಾಲಿ ಧ್ವನಿಸುರುಳಿ ಯಾವುದು?' ನಾನು ಭಾವಗೀತೆಗಳ ಒಂದು ಹಳೆಯ ಕ್ಯಾಸೆಟ್ಟಿನ ಪರ. ಎದುರಾಳಿ ನನ್ನ ಹೆಂಡತಿ ಅರುಂಧತಿಯ ಅಣ್ಣ ವಾಮನ. ದೇಶದ ದಕ್ಷಿಣದ ಡನೀಡಿನ್‌ನಲ್ಲಿ ಡಾಕ್ಟರು, ರಜೆಗೆಂದು ನ್ಯೂ ಲಿನ್‌ನ ನಮ್ಮ ಮನೆಗೆ ಬಂದಿದ್ದರು. ಅವರೂರಿನ ಹುಡುಗರು ಗಿಟಾರ್ ಬಾರಿಸಿ ಮಾಡಿದ ಆಲ್ಬಮ್ಮುಗಳೇ ಜಗತ್ತನ್ನು ಅಲ್ಲಾಡಿಸಿದವು ಎಂಬುದು ಅವರ ಹಟ.

"ಪ್ರಭಾವ ಅಂದ್ರೆ ಏನ್ ಗೊತ್ತಾ ಭಾವ? ಕೇಳಿದವನ ಬಾಯಿ ಕಟ್ಟಿಹೋಗ್ಬೇಕು! ಮತ್ತೆ ಅವನು ಮೊದಲಿನ ಮನುಷ್ಯನಾಗಿ ಉಳೀಬಾರ್ದು!"

"ಪ್ರಭಾವ ಅನ್ನೋ ಪದದಲ್ಲೇ ಭಾವ ಇದಾನೆ ಉದಯಶಂಕರ್. ನಾನೇ ಗೆಲ್ಲೋದು!"

"ಭಾವಗೀತೇಲೂ ಇದಾನೆ. ಆದ್ರೆ ಅಲ್ಲಿ ಶ್ರುತೀಲಿದಾನೆ!"

ಮೂರು ದಿನ ಇದೇ ಗಲಾಟೆ. ಇಡ್ಲಿ ಬಡಿಸಲು ಬಂದ ಅರುಂಧತಿ ಚಟ್ನಿ ಬೇಕೇ ಎಂದು ಕೇಳುವುದಕ್ಕೂ ಸಂದು ಸಿಗುತ್ತಿರಲಿಲ್ಲ. ಕೊನೆಗೆ ಪಾತ್ರೆ ಕುಕ್ಕಿ ಹೇಳಿದಳು: "ರೀ, ಸೋತ್ರೆ ಗ್ಯಾರೇಜಲ್ಲಿರೋ ಕ್ಯಾಸೆಟ್ ಪೆಟ್ಟಿಗೆಗಳೆಲ್ಲ ಆಪ್ ಶಾಪಿಗೆ. ಕಾರು ಮಳೇಲಿ ನೆನೀತಾ ಇರುತ್ತೆ, ನಿಮ್ಮ ಕ್ಯಾಸೆಟ್ಟುಗಳು ಮಾತ್ರ ಬೆಚ್ಚಗೆ ಮಲಗಿರ್ತವೆ!"

ಮೈಸೂರಿನಿಂದ ಹಡಗಿನಲ್ಲಿ ಬಂದ ನನ್ನ ಯೌವನವಿಡೀ ಆ ಪೆಟ್ಟಿಗೆಗಳಲ್ಲಿತ್ತು. ದಾನದ ಹಳೆಯ ಸಾಮಾನು ಮಾರುವ ಆ ಅಂಗಡಿಯಲ್ಲಿ, ಕಿವಿ ಮುರಿದ ಟೀ ಕಪ್ಪುಗಳ ಪಕ್ಕದಲ್ಲಿ ಅದನ್ನು ನೋಡುವುದೇ? ಹಾಗಾಗಿ ಬ್ರಹ್ಮಾಸ್ತ್ರವನ್ನೇ ಹೊರತೆಗೆದೆ. ಅದು ಕಮಲತ್ತೆಯ ಕ್ಯಾಸೆಟ್.

ಕಮಲತ್ತೆ ಎಂದರೆ ಅರುಂಧತಿ ಮತ್ತು ವಾಮನರ ಸೋದರತ್ತೆ, ಕನ್ನಡ ಪಂಡಿತೆ. ಹಾಲಿನವನಿಗೂ 'ನೀರಂ ಬೆರಸದಿರ್' ಎನ್ನುತ್ತಿದ್ದವರು! ನಾವು ವಿಮಾನ ಹತ್ತುವ ದಿನ ಭಾವಗೀತೆಗಳ ಈ ಕ್ಯಾಸೆಟ್ಟನ್ನು ಕೈಗಿಟ್ಟು, "ಇದನ್ನ ಹಾಕ್ದಾಗಲೆಲ್ಲ ನಾನು ನಿಮ್ಮ ಪಕ್ಕದಲ್ಲೇ ಇರ್ತೀನಿ" ಎಂದಿದ್ದರು. ಹೋದ ವರ್ಷ ತೀರಿಕೊಂಡರು. ಆಮೇಲೆ ಅದನ್ನು ಹಾಕಲು ನನಗೆ ಮನಸ್ಸೇ ಬಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಹೊರಟೆವು. ಕಾರು ನಮಗೆ ಹೊಸದು, ಜಪಾನಿನಲ್ಲಿ ಓಡಿ ದಣಿದು ಇಲ್ಲಿಗೆ ಬಂದದ್ದು. ಕ್ಯಾಸೆಟ್ ಪ್ಲೇಯರ್ ಇದೆ ಎಂಬ ಒಂದೇ ಕಾರಣಕ್ಕೆ ನಾನು ಆರಿಸಿದ್ದೆ. ಹಿಂದಿನ ಸಂಜೆ ಅರುಂಧತಿ ಹಳೆಯ ಕಾರನ್ನು ಕೊಟ್ಟು ಇದನ್ನು ಕಾರಿನ ಅಂಗಡಿಯಿಂದ ಮನೆಗೆ ತಂದಿದ್ದಳು. ಹೊರಡುವಾಗ ನನ್ನ ಮತ್ತು ಭಾವನ ವಾದದ ಅಬ್ಬರದಲ್ಲಿ ಎಂಜಿನ್ ಸದ್ದೂ ಕೇಳಿಸಲಿಲ್ಲ.

ಇಲ್ಲಿ ಜುಲೈ ಎಂದರೆ ಚಳಿಗಾಲ. ಮೋಟರ್‌ವೇ ತುಂಬ ಮಂಜು. ಮುಂದಿನ ಕಾರಿನ ಕೆಂಪು ದೀಪವೂ ಕರಗಿಹೋಯಿತು. ವಾದದ ಭರದಲ್ಲಿ ತಪ್ಪು ತಿರುವಿನಲ್ಲಿ ಇಳಿದು ಯಾವುದೋ ಹೊಲದ ಬೇಲಿಯ ಪಕ್ಕ ನಿಂತೆ. ಎಂಜಿನ್ ಆರಿಸಿದೆ. ಒಂದು ಹಕ್ಕಿಯ ಸದ್ದಿಲ್ಲ. ಬೇಲಿಯ ಕಂಬಗಳು ಎರಡು ಮೂರು ಕಂಡು, ಅದರಾಚೆ ಲೋಕವೇ ಮುಗಿದಂತಿತ್ತು. ಹಿಂದಿನ ಸೀಟಿನಲ್ಲಿ ಅರುಂಧತಿ ಮ್ಯಾಂಡರಿನ್ ಕಿತ್ತಳೆ ಸುಲಿಯುತ್ತಿದ್ದಳು.

"ಅಷ್ಟು ಪ್ರಭಾವ ಇದ್ರೆ ಇಲ್ಲೇ ಹಾಕಿ, ನೋಡೋಣ!" ಎಂದರು ಭಾವ.

ಕ್ಯಾಸೆಟ್ ತೂರಿಸಿದೆ. ಕೀಲಿ ತಿರುಗಿಸಿದೆ. ಟೇಪಿನ ಸರಸರ ಸದ್ದು. ಅದರ ಮೇಲೆ, ತಣ್ಣಗೆ, ಒಂದು ಹೆಣ್ಣಿನ ದನಿ:

"…ಕಾಡೋ… ಗಾ… ಸೋನ್ಯೂ… ಸರೇತೇ… ಮಾಸೆನ್."

ತಟ್ಟನೆ ಕೀಲಿ ತಿರುಗಿಸಿ ಆರಿಸಿದೆ. ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಯಿತು.

"ಈ ದನಿ… ಕ್ಯಾಸೆಟ್ಟಲ್ಲಿ ಮೊದ್ಲು ಇತ್ತಾ?" ಭಾವ ಪಿಸುಗುಟ್ಟಿದರು.

"ಇರ್ಲಿಲ್ಲ."

"ಇನ್ನೊಂದ್ಸಲ ಹಾಕಿ."

ಹಾಕಿದೆ. ಅದೇ ದನಿ, ಅದೇ ನಿಧಾನ. "…ಮಾಸೆನ್." ಮತ್ತೆ ಆರಿಸಿದೆ.

"ಹಳಗನ್ನಡ ಭಾವ!" ನಾನು ಅವರ ತೋಳು ಹಿಡಿದುಕೊಂಡೆ. "ಮಾಸೆನ್ ಅಂದ್ರೆ ನಾನು ಮಾಸೋದಿಲ್ಲ ಅಂತ! ಕಾಡೋ ಗಾನ, ಮಾಸೆನ್! ಕಮಲತ್ತೇನೇ!"

"ಗಾನ ಅಲ್ರೀ! 'ಕಾಡ್ಗೋಗಾ' ಅಂದ್ರು! ಕಾಡಿಗೆ! ಯಾರನ್ನ ಅಂದ್ರು?"

"ನಾನು ಅಳಿಯ, ನನಗೆ ಯಾವಾಗ್ಲೂ 'ಹೋಗಿ' ಅಂತಿದ್ರು. ಏಕವಚನ ನಿಮಗೇ!"

ದೆವ್ವ ಗಿವ್ವ ಎಲ್ಲ ಮಿದುಳಿನ ಕೆಮಿಕಲ್ಲು ಎಂದು ರಾತ್ರಿಯಷ್ಟೇ ಉಪದೇಶಿಸಿದ್ದ ಡಾಕ್ಟರು ಕೈ ಮುಗಿದರು. "ಅತ್ತೆ, ಗಿಟಾರ್ ಬಿಟ್ಟೆ! ನಿಮ್ಮ ಕ್ಯಾಸೆಟ್ಟೇ ದೊಡ್ಡದು!"

ಗೆದ್ದಿದ್ದೆ! ಆದರೆ ಗೆಲುವನ್ನು ಅನುಭವಿಸಲು ಧೈರ್ಯ ಬೇಕಲ್ಲ? ಅದೇ ಗಳಿಗೆಗೆ ನನ್ನ ಕಿಟಕಿಯ ಮಂಜಿನಿಂದ ಒಂದು ದೊಡ್ಡ ಬಿಳಿ ಮುಖ ಮೂಡಿ, ಬೇಲಿಯ ಮೇಲಿಂದ ಕತ್ತು ಚಾಚಿ, ಗಾಜಿಗೆ ಉಸಿರು ಬಿಟ್ಟಿತು.

"ಅತ್ತೇ!" ಎಂದು ಕಿರುಚಿದೆ. "ಗೆಲುವೂ ಬೇಡ, ಚರ್ಚೆಯೂ ಬೇಡ! ಪೆಟ್ಟಿಗೆಗಳನ್ನೆಲ್ಲ ನಾನೇ ಹೊತ್ತು ಕೊಟ್ಟು ಬರ್ತೀನಿ! ಬಿಟ್ಬಿಡಿ!"

"ಅಂಬಾ…" ಎಂದಿತು ಹಸು.

ಹಿಂದಿನಿಂದ ಅರುಂಧತಿ ಒಂದು ತೊಳೆ ಬಾಯಿಗೆ ಹಾಕಿಕೊಂಡು ಕೇಳಿದಳು: "ಮುಗೀತಾ ಇಬ್ರುದೂ? ಅದು ಅತ್ತೆ ಅಲ್ಲ, ಜಪಾನಿ ಭಾಷೆ. ಅಲ್ಲಿ ಟೋಲ್ ಕಟ್ಟೋ ಕಾರ್ಡು ಹಾಕಿಲ್ಲ ಅಂತ ಹೇಳೋ ಯಂತ್ರ, ಕಾರಲ್ಲೇ ಉಳ್ಕೊಂಡಿದೆ. ಕೀಲಿ ತಿರುಗಿಸಿದಾಗಲೆಲ್ಲ ಹೇಳುತ್ತೆ. ನಿನ್ನೆ ಅಂಗಡಿಯವನೇ ಹೇಳ್ದ."

"ಮೊದ್ಲೇ ಹೇಳೋಕ್ಕೇನಾಗಿತ್ತು ನಿನಗೆ?"

"ನಿನ್ನೆ ಸಂಜೆಯಿಂದ ಹೇಳೋಕೆ ಕಾಯ್ತಿದೀನಿ. ನೀವಿಬ್ರೂ ನನಗೆ ಬಾಯಿ ಬಿಡೋಕೆ ಎಲ್ಲಿ ಬಿಟ್ರಿ?"

ನಾನು ಕೀಲಿ ತಿರುಗಿಸಿದೆ. ಜಪಾನಿನಾಕೆ ತನ್ನ ದೂರು ಮುಗಿಸಿದಳು. ಆಮೇಲೆ ನಿಜವಾದ ಹಾಡು ಶುರುವಾಯಿತು, ಕಮಲತ್ತೆ ಅಡುಗೆಮನೆಯಲ್ಲಿ ಗುನುಗುತ್ತಿದ್ದ ಅದೇ ಹಾಡು. ಪಾಪಕುರಾದವರೆಗೂ ಯಾರೂ ತುಟಿ ಬಿಚ್ಚಲಿಲ್ಲ. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ಇಲ್ಲ ಎಂಬುದು ನನಗೆ ಪೂರ್ತಿ ತಿಳಿದದ್ದು ಆ ಮಂಜಿನಲ್ಲೇ, ತುಂಬ ದುಃಖವಾಯಿತು.

ಸಭೆಯಲ್ಲಿ ಇಬ್ಬರೂ ಗಂಟಲು ನೋವೆಂದು ಹೇಳಿ ಬಿಸಿಬೇಳೆಬಾತ್ ಮಾತ್ರ ತಿಂದು ಬಂದೆವು. ಅತ್ತೆಗೆ ಕೊಟ್ಟ ಮಾತು ಮಾತೇ ಎಂದು ಅರುಂಧತಿ ಪಟ್ಟು ಹಿಡಿದಳು. ಅತ್ತೆಯ ಕ್ಯಾಸೆಟ್ ಒಂದನ್ನುಳಿಸಿ ಮಿಕ್ಕವನ್ನೆಲ್ಲ ನಾನೇ ಹೊತ್ತು ಆಪ್ ಶಾಪಿಗೆ ಕೊಟ್ಟೆ. ಮರುದಿನವೇ ಮೆಕ್ಯಾನಿಕ್ಕನ ಹತ್ತಿರ ಹೋಗಿ ಆ ಯಂತ್ರವನ್ನೂ ಕೀಳಿಸಿದೆ.

ಮುಂದಿನ ಶನಿವಾರ ಭಾವನನ್ನು ವಿಮಾನ ನಿಲ್ದಾಣಕ್ಕೆ ಬಿಡಬೇಕಿತ್ತು. ಮತ್ತೆ ಮಂಜು. ಯಂತ್ರ ಹೋದ ಧೈರ್ಯದಲ್ಲಿ ನಾನು, "ಆದ್ರೂ ಭಾವ, ನಿಮ್ಮ ಗಿಟಾರಿಗೆ ಆ ಪ್ರಭಾವ ಎಲ್ಲಿಂದ ಬರ್ಬೇಕು…" ಎಂದು ಶುರುಮಾಡಿ ಕೀಲಿ ತಿರುಗಿಸಿದೆ.

"…ಕಾಡೋ… ಗಾ… ಮಾಸೆನ್."

ಭಾವ ಒಂದು ಬಾಗಿಲಿನಿಂದ, ನಾನು ಇನ್ನೊಂದು ಬಾಗಿಲಿನಿಂದ ಹೊರಗೆ ಹಾರಿದೆವು! ಹಿಂದಿನ ಸೀಟಿನ ಕಿಟಕಿ ನಿಧಾನವಾಗಿ ಇಳಿಯಿತು. ಅರುಂಧತಿ ಮ್ಯಾಂಡರಿನ್ ಸುಲಿಯುತ್ತಾ ಅದೇ ತಣ್ಣನೆಯ ದನಿಯಲ್ಲಿ ಹೇಳಿದಳು: "ಹತ್ಕೊಳ್ಳಿ, ವಿಮಾನಕ್ಕೆ ಹೊತ್ತಾಯ್ತು. ಬಾಯಿ ಕಟ್ಟಿಹೋಗೋದೇ ಪ್ರಭಾವ ಅಂತ ನೀವೇ ಅಂದಿದ್ರಲ್ಲ? ಇನ್ಮೇಲೆ ನಮ್ಮನೇಲಿ ಆ ಪ್ರಭಾವಶಾಲಿ ಆಲ್ಬಮ್ ನಾನೇ!"