ಭರವಸೆ ಸಮಿತಿಯ ಬರಿಗಾಲು

‘ಈ ಊರ ರಸ್ತೆಗೆ ಟಾರು ಬೀಳೋಗಂಟ ನಾನು ಕಾಲ್ಗೆ ಚಪ್ಪಲಿ ಮೆಟ್ಟಾಕಿಲ್ಲ, ಮಾದಪ್ಪನಾಣೆ!’

ಗುಳ್ಳದಪಾಳ್ಯದ ಅರಳಿಕಟ್ಟೆಯ ಮೇಲೆ ನಿಂತು, ವಿಭೂತಿ ಮುಟ್ಟಿ ಪುಟ್ಟಮಾದಪ್ಪ ಹೀಗೆ ಆಣೆ ಇಟ್ಟಾಗ ಅವರ ಮೀಸೆ ಇನ್ನೂ ಕಪ್ಪಗಿತ್ತು. ಆ ಒಂದು ಮಾತಿಗೆ ಜನ ಅವರನ್ನು ಶಾಸಕರನ್ನಾಗಿ ಮಾಡಿದರು. ಮುಂದಿನ ಸಲ ಸೋಲಿಸಿದರು. ಆಣೆಯನ್ನು ಮಾತ್ರ ಯಾರೂ ಮರೆಯಲಿಲ್ಲ.

ಈಗ ಅವರಿಗೆ ಸಕ್ಕರೆ ಕಾಯಿಲೆ. ಹಿಮ್ಮಡಿಯ ಗಾಯ ಮಾಯುತ್ತಿಲ್ಲ. ‘ಇನ್ನೂ ಬರಿಗಾಲಲ್ಲಿ ಓಡಾಡಿದ್ರೆ ಕಾಲೇ ತೆಗೀಬೇಕಾಗುತ್ತೆ’ ಎಂದು ಕೊಳ್ಳೇಗಾಲದ ಡಾಕ್ಟರು ಗದರಿದ್ದರು. ಹೆಂಡತಿ ಸುವರ್ಣಮ್ಮ ಅಂದೇ ಒಂದು ಜೊತೆ ಮೆತ್ತನೆಯ ಚಪ್ಪಲಿ ತಂದಿಟ್ಟಿದ್ದರು.

ಆ ಬೆಳಿಗ್ಗೆ ಪಕ್ಕದ ಮನೆಯ ಮಹದೇವು ಓಡಿ ಬಂದ. ‘ಅಣ್ಣೋ, ರಸ್ತೆಗೆ ಟಾರ್ ಆಕವ್ರೆ! ಎಮ್ಮೆಲ್ಲೆ ಬಸವೇಶಣ್ಣ ಟೇಪು ಕತ್ತರ್ಸಾಕೆ ಬತ್ತಾವ್ರೆ!’

ಪುಟ್ಟಮಾದಪ್ಪ ಚಪ್ಪಲಿಗೆ ಹೆಬ್ಬೆರಳು ತೂರಿಸಿದ್ದೇ ತಡ, ಮಹದೇವು ಕಿತ್ತುಕೊಂಡ. ‘ಸಭೇಲಿ ಇಟ್ಟ ಆಣೆ ಸಭೇಲೇ ಬುಡ್ಬೇಕು. ಮನೆಯೊಳ್ಗೆ ಮೆಟ್ಕಂಡ್ರೆ ಕದ್ದು ಮೆಟ್ಕಂಡಂಗೆ.’

‘ಲೇ, ಕಾಲು ನಿಂದೇನ್ಲಾ?’ ಎಂದರು ಸುವರ್ಣಮ್ಮ.

‘ಕಾಲು ಅಣ್ಣಂದೇ ಕಣಕ್ಕ. ಆಣೆ ಊರ್ದು.’

ಬುಟ್ಟಿಯಲ್ಲಿ ಕೂತ ಚಪ್ಪಲಿ ಮದುವೆ ಗಂಡಿನಂತೆ ಮುಂದೆ ಹೊರಟಿತು. ತಮಟೆಯವರೂ ಸೇರಿಕೊಂಡರು. ಪುಟ್ಟಮಾದಪ್ಪ ಮಾತ್ರ ಊಟಕ್ಕೆ ಕರೆಯದ ನೆಂಟನಂತೆ ಹಿಂದೆ ಹಿಂದೆ ಕುಂಟಿದರು.

ಬಸವೇಶ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರುತ್ತಿತ್ತು. ಅಲ್ಲಿಯವರೆಗೆ ಜನಕ್ಕೆ ಹೊತ್ತು ಹೋಗಬೇಕಲ್ಲ, ‘ಸಾ, ಅಸೆಂಬ್ಲಿ ಕತೆ ಯೇಳಿ’ ಎಂದು ಮೈಕು ಕೊಟ್ಟರು.

ಸುಡುವ ನೆಲದ ಮೇಲೆ ಕಾಲು ಬದಲಿಸುತ್ತಿದ್ದ ಪುಟ್ಟಮಾದಪ್ಪ ಸಿಡಿದರು. ‘ಏನ್ ಯೇಳ್ಲಿ? ಈ ರಸ್ತೆ ಇಚಾರ ಎತ್ತಿದ್ರೆ ಸ್ಪೀಕರ್ರು ಗಂಟೆ ಬಾರ್ಸೋರು. ಸದನದಲ್ಲಿದ್ದೋರು ಬೆರಳೆಣಿಕೆ ಜನ, ಅದ್ರಲ್ಲೂ ಒಬ್ಬಂದು ಗೊರಕೆ! ಮಂತ್ರಿ ಎದ್ದು ‘ಪರಿಶೀಲನೆಯಲ್ಲಿದೆ’ ಅಂದು ಕೂತ್ಕಂಡ. ನನ್ ಬಾಯಿ ಮುಚ್ಸಾಕೆ ಭರವಸೆಗಳ ಸಮಿತಿಗೆ ಮೆಂಬರ್ ಮಾಡುದ್ರು. ಮಂತ್ರಿಗಳು ಕೊಟ್ಟ ಮಾತು ನಡೀತಾ ಅಂತ ನೋಡೋ ಸಮಿತಿ. ಏನ್ ನೋಡುದ್ವಿ? ಗೋಡಂಬಿ ತಿಂದು, ಕಾಫಿ ಕುಡ್ದು, ಇನ್ನಷ್ಟು ಕಾಲಾವಕಾಶ ಕೊಟ್ವಿ! ಸುಧಾರಣೆ ಅಂತೆ ಸುಧಾರಣೆ! ಒಂದೇ ಕಾನೂನು ಸಾಕು ಕಣ್ರಯ್ಯ: ಭರವಸೆ ಕೊಟ್ಟೋನು ಅದು ಆಗೋಗಂಟ ಬರಿಗಾಲಲ್ಲಿ ಓಡಾಡ್ಬೇಕು. ಇಧಾನಸೌಧದ ಮೆಟ್ಲು ಕಾದಾಗ ಗೊತ್ತಾಯ್ತದೆ!’

ಆಗಷ್ಟೇ ಕಾರಿಳಿದ ಬಸವೇಶ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅವನ ಬೂಟು ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಟೇಪು ಕತ್ತರಿಸಿ, ಪುಟ್ಟಮಾದಪ್ಪನವರ ಕೈ ಹಿಡಿದು ರಸ್ತೆಗೆ ಕರೆತಂದ.

ಪುಟ್ಟಮಾದಪ್ಪ ಚಪ್ಪಲಿ ಮೆಟ್ಟಿದರು. ಹಿಮ್ಮಡಿಗೆ ಬೆಣ್ಣೆ ಸವರಿದಂತಾಯಿತು. ಒಂದು ಹೆಜ್ಜೆ ಇಟ್ಟರು. ಇನ್ನೊಂದಕ್ಕೆ ಕಾಲೇ ಏಳಲಿಲ್ಲ. ಜಗ್ಗಿದರು. ಚಪ್ಪಲಿಯ ಜೊತೆ ರಾಗಿರೊಟ್ಟಿಯಗಲ ರಸ್ತೆಯೂ ಎದ್ದು ಬಂತು. ಅಡಿಯಲ್ಲಿ ಹಳೇ ಮಣ್ಣು, ಮಣ್ಣಿನಲ್ಲಿ ಗರಿಕೆ. ಮತ್ತೊಮ್ಮೆ ಜಗ್ಗಿದಾಗ ಉಳಿದದ್ದು ಚಾಪೆಯಂತೆ ಸುರುಳಿ ಸುತ್ತಿಕೊಂಡಿತು.

‘ಸಾ, ಸರ್ಕಾರಿ ರಸ್ತೆ ಕೀಳ್ತಾವ್ರೆ, ಕೇಸ್ ಆಕ್ಸಿ!’ ಎಂದು ಕಂಟ್ರಾಕ್ಟರು ಬಾಯಿ ಬಡಿದುಕೊಂಡ.

‘ಥೂ! ಟಾರು ಆಕಂದ್ರೆ ಕಾಡಿಗೆ ಬಳ್ದಿದ್ದೀಯಲ್ಲೋ, ಮುಂಡೇದೇ!’ ಪುಟ್ಟಮಾದಪ್ಪ ಗುಡುಗಿದರು.

ಜನರ ಸಿಟ್ಟು ಬಸವೇಶನತ್ತ ತಿರುಗಿತು. ‘ಅಣ್ಣ ಯೇಳಿದ ಕಾನೂನು ನಿಮ್ಗೂ ಆಯ್ತದೆ! ಬಿಚ್ಚಿ ಬೂಟು!’

ಬಸವೇಶ ಹಿಂಜರಿಯಲಿಲ್ಲ. ವಿಭೂತಿ ತರಿಸಿದ, ಹಣೆಗೆ ಬಳಿದ, ಕಣ್ಣಲ್ಲಿ ನೀರು ತಂದುಕೊಂಡ. ‘ಬಂಧುಗಳೇ! ಈ ರಸ್ತೆ ಕಬ್ಬಿಣದಂಗೆ ಗಟ್ಟಿಯಾಗೋಗಂಟ, ಮಾದಪ್ಪನಾಣೆ...’

ಜನ ಅವನ ಬೂಟನ್ನೇ ನೋಡಿದರು.

‘...ನನ್ನ ಗುರುಗಳಾದ ಪುಟ್ಟಮಾದಪ್ಪನವರು ಚಪ್ಪಲಿ ಮೆಟ್ಟಾಕಿಲ್ಲ!’

ಯೋಚನೆ ಬರುವ ಮೊದಲೇ ಚಪ್ಪಾಳೆ ಬಂತು. ತಮಟೆ ಶುರುವಾಯಿತು. ‘ಮೆಟ್ಕಂಡು ಬನ್ನಿ ನೀವು, ಯಾವನ್ ಕೇಳ್ತಾನೋ ನೋಡ್ತೀನಿ!’ ಎಂದು ಸುವರ್ಣಮ್ಮ ಕೂಗಿದ್ದು ಅದರಲ್ಲಿ ಮುಳುಗಿತು. ಮಹದೇವು ಬಗ್ಗಿ, ಭಕ್ತಿಯಿಂದ, ಚಪ್ಪಲಿ ಬಿಚ್ಚಿಕೊಂಡ.

ಪುಟ್ಟಮಾದಪ್ಪ ಬರಿಗಾಲಲ್ಲೇ ಮನೆಗೆ ನಡೆದರು. ಕೊಟ್ಟ ಮಾತು ಉಳಿಯಿತು.